ಶನಿವಾರದ ಪೊಟ್ಟಣ

ಕಾಲೇಜಿನ ಸೇವಾ ಸಂಘದ ಹೊಣೆಯನ್ನು ನನಗೆ ಕೊಟ್ಟದ್ದು ನನ್ನಲ್ಲಿ ಸೇವಾಭಾವ ಕಂಡು ಅಲ್ಲ. ಅಧ್ಯಾಪಕರ ಸಭೆಯಲ್ಲಿ ಉಳಿದವರೆಲ್ಲ ಒಂದೊಂದು ನೆಪ ಹೇಳಿ ಜಾರಿಕೊಂಡಿದ್ದರು. ಆ ದಿನ ನಾನು ಮಗುವಿಗೆ ಜ್ವರವೆಂದು ರಜೆ ಹಾಕಿದ್ದೆ. ಮರುದಿನ ಬಂದು ನೋಡಿದರೆ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರು. "ಹೆಚ್ಚೇನಿಲ್ಲ ಮೇಡಂ, ವರ್ಷಕ್ಕೆ ಎರಡು ಕಾರ್ಯಕ್ರಮ ಮಾಡಿದರೆ ಆಯ್ತು" ಎಂದು ಪ್ರಿನ್ಸಿಪಾಲರು ಸಮಾಧಾನ ಹೇಳಿದರು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಮುಂದೆ ಹತ್ತು ವರ್ಷ ಆ ಹೊರೆಯನ್ನು ನನ್ನ ತಲೆಯಿಂದ ಯಾರೂ ಇಳಿಸಲಿಲ್ಲ.

ಈಗ ನೆನೆದರೂ ಸುಸ್ತಾಗುತ್ತದೆ. ನಮ್ಮ ಕಾಲೇಜು ಪುತ್ತೂರಿನ ಒಂದು ದಿಬ್ಬದ ಮೇಲಿತ್ತು, ಬಸ್‌ಸ್ಟ್ಯಾಂಡ್ ಕೆಳಗೆ. ಕಡಬಕ್ಕೆ ಹೋಗುವ ಸಂಜೆಯ ಬಸ್ಸಿನ ಡ್ರೈವರ್ ಹೊರಡುವ ಸ್ವಲ್ಪ ಮೊದಲು ಉದ್ದಕ್ಕೆ ಒಂದು ಹಾರ್ನ್ ಹಾಕುತ್ತಿದ್ದ. ಅದು ನಮ್ಮ ಮಕ್ಕಳಿಗಾಗಿಯೇ ಹಾಕುತ್ತಿದ್ದದ್ದು, ಪಾಪ, ಒಳ್ಳೆಯ ಮನುಷ್ಯ. ಆದರೆ ಆ ಹಾರ್ನ್ ಕೇಳಿದ ಕೂಡಲೇ ನನ್ನ ಸಭೆಯ ಅರ್ಧ ಬೆಂಚುಗಳು ಖಾಲಿಯಾಗುತ್ತಿದ್ದವು. ನಾನು "ಸೇವೆ ಎಂದರೆ" ಎಂದು ಬಾಯಿ ತೆರೆದಿರುತ್ತಿದ್ದೆ, ಎದುರಿಗೆ ಎದ್ದು ಓಡುವವರ ಬೆನ್ನು ಕಾಣುತ್ತಿತ್ತು. ಆಮೇಲೆ ಸುಳ್ಯದ ಬಸ್ಸಿನವರು ಹೋಗುವರು. ಉಳಿದವರು ಪೇಟೆಯ ಮಕ್ಕಳು, ಅವರಿಗೆ ಟೈಪಿಂಗ್ ಕ್ಲಾಸು. ಕೊನೆಗೆ ನಾನು, ಕುರ್ಚಿಗಳನ್ನು ಒಳಗಿಡಲು ಕಾದು ನಿಂತ ಜವಾನ, ಇಬ್ಬರೇ. ನರಿಮೊಗರಿನ ನನ್ನ ಬಸ್ಸಿಗೂ ಹೊತ್ತಾಗಿರುತ್ತಿತ್ತು.

ಬೈಯುವ ಹಾಗೂ ಇರಲಿಲ್ಲ. ಕಡಬ, ನೆಲ್ಯಾಡಿ ಕಡೆಯ ಹುಡುಗರು ನಸುಕಿಗೇ ಎದ್ದು ತಲೆಗೆ ದೀಪ ಕಟ್ಟಿಕೊಂಡು ರಬ್ಬರ್ ಮರ ಗೀರಿ, ಹಾಲು ಒಟ್ಟುಮಾಡಿ, ಮಿಂದು, ಮೊದಲ ಬಸ್ಸು ಹಿಡಿದು ಬರುವವರು. ಹುಡುಗಿಯರಲ್ಲಿ ಎಷ್ಟೋ ಜನ ಮನೆಗೆ ಹೋಗಿ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟಿಯೇ ಓದುತ್ತಿದ್ದವರು. "ಪುರುಸೊತ್ತಿಲ್ಲ ಮೇಡಂ" ಎಂದರೆ ಅದು ಸುಳ್ಳಾಗಿರುತ್ತಿರಲಿಲ್ಲ. ಸುಳ್ಳಾಗಿದ್ದರೆ ನನಗೆ ಸುಲಭವಿತ್ತು. ನಿಜ ಹೇಳುವವರ ಹತ್ತಿರ ಜಗಳ ಮಾಡುವುದು ಹೇಗೆ? ಆ ಮಾತನ್ನು ನಾನು ಎಷ್ಟು ಸಲ ಕೇಳಿದೆನೆಂದರೆ, ಒಮ್ಮೆ ಮನೆಯಲ್ಲಿ ಅತ್ತೆ ತೆಂಗಿನಕಾಯಿ ತುರಿಯಲು ಕರೆದಾಗ ನನ್ನ ಬಾಯಿಂದಲೂ ಅದೇ ಬಂತು. ಅವರು ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ನಾನು ಮಾಡದ ಉಪಾಯವಿಲ್ಲ. ಸಭೆಗೆ ಗೋಳಿಬಜೆ, ಚಾ ತರಿಸಿದೆ. ಬಂದರು, ತಿಂದರು, ಕೈ ಒರೆಸಿಕೊಂಡು ಹೋದರು. ಗಾಂಧಿ ಜಯಂತಿಗೆ ಶ್ರಮದಾನ ಇಟ್ಟೆ. ಒಂದು ಹಳ್ಳಿಯ ಶಾಲೆಯ ಅಂಗಳ ಸಮ ಮಾಡಲು ಹೊರಟರೆ, ಊರಿನವರು ನಮ್ಮ ಹುಡುಗರು ಹಾರೆ ಹಿಡಿದ ಚಂದ ನೋಡಲಾರದೆ ಅದನ್ನು ಕಿತ್ತುಕೊಂಡು ತಾವೇ ಅಗೆದರು. ನಾವು ನೆರಳಲ್ಲಿ ಕುಳಿತು ಅವಲಕ್ಕಿ ತಿಂದೆವು, ಫೋಟೋ ತೆಗೆಸಿಕೊಂಡೆವು. ಆ ಫೋಟೋ ವಾರ್ಷಿಕ ಸಂಚಿಕೆಯಲ್ಲಿ ಬಂತು. ಅದನ್ನು ನೋಡಿದಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು.

ಆಗ ಆಸ್ಪತ್ರೆಯ ವೈದ್ಯರೊಬ್ಬರು ನಮ್ಮಲ್ಲಿ ಭಾಷಣಕ್ಕೆ ಬಂದರು. ಅವರ ಭಾಷಣದ ನಡುವೆಯೂ ಕಡಬದ ಹಾರ್ನ್ ಆಯಿತು, ಬೆಂಚುಗಳು ಖಾಲಿಯಾದವು. ನಾನು ಕ್ಷಮೆ ಕೇಳಲು ಹೋದರೆ ಅವರು ಕಿಟಕಿಯಿಂದ ಕೆಳಗೆ ಓಡುತ್ತಿದ್ದ ಮಕ್ಕಳನ್ನು ನೋಡುತ್ತಾ, "ಇವರೆಲ್ಲ ಯಾವ ಯಾವ ಕಡೆಗೆ ಹೋಗುದು ಮೇಡಂ?" ಎಂದು ಕೇಳಿದರು. ಹೇಳಿದೆ. ಆ ಕಡೆಯ ಕ್ಷಯದ ರೋಗಿಗಳದ್ದೇ ಅವರ ತಲೆನೋವಾಗಿತ್ತು. ಮೊದಲು ಇಂಜಕ್ಷನಿಗೆ ಬರುತ್ತಾರೆ, ಸ್ವಲ್ಪ ಕೆಮ್ಮು ನಿಂತರೆ ಮಾತ್ರೆಗೆ ಬರುವುದಿಲ್ಲ. ಬಸ್ಸಿಗೆ ಒಂದು ದಿನ ಹಾಳು, ಕೂಲಿ ಹಾಳು. ಒಂದೂವರೆ ವರ್ಷ ಬಿಡದೆ ಮಾತ್ರೆ ತಿನ್ನಬೇಕು. ನಡುವೆ ನಿಲ್ಲಿಸಿದರೆ ರೋಗ ಮತ್ತೆ ಕೆರಳುತ್ತದೆ, ಆಮೇಲೆ ಅದೇ ಮಾತ್ರೆ ನಾಟುವುದಿಲ್ಲ. "ವಾರಕ್ಕೊಮ್ಮೆ ಯಾರಾದರೂ ಮನೆಗೇ ಮುಟ್ಟಿಸಿ, ತಿಂದರಾ ಅಂತ ಕೇಳಿದರೆ ಸಾಕು. ಅಷ್ಟು ಮಾಡುವವರು ಸಿಕ್ಕಿದರೆ!" ಎಂದರು.

ನನಗೆ ಅಂದು ರಾತ್ರಿ ಊಟ ಸೇರಲಿಲ್ಲ, ಅಷ್ಟು ಖುಷಿ. ಹಾರ್ನ್ ಆದ ಮೇಲೆ ಮಕ್ಕಳನ್ನು ಹಿಡಿದು ನಿಲ್ಲಿಸಬೇಕೆಂದು ನಾನು ಇಷ್ಟು ವರ್ಷ ಒದ್ದಾಡಿದ್ದೆ. ನಿಲ್ಲಿಸುವುದು ಯಾಕೆ? ಓಡಲಿ. ಕೈಯಲ್ಲಿ ಒಂದು ಪೊಟ್ಟಣ ಹಿಡಿದುಕೊಂಡು ಓಡಲಿ.

ಸಭೆಗಳನ್ನು ನಿಲ್ಲಿಸಿಬಿಟ್ಟೆ. ವೈದ್ಯರು ಕೊಟ್ಟ ಪೊಟ್ಟಣಗಳನ್ನು ಶನಿವಾರ ಮಧ್ಯಾಹ್ನ, ಅರ್ಧ ದಿನದ ಕ್ಲಾಸು ಮುಗಿಯುವಾಗ, ಆಯಾ ದಾರಿಯಲ್ಲಿ ಇಳಿಯುವವರ ಕೈಗೆ ಕೊಡುವುದು. ಮೊದಲು ಎಲ್ಲರಿಗೂ ಉತ್ಸಾಹ. ಮಳೆಗಾಲ ಕಳೆಯುವಷ್ಟರಲ್ಲಿ ಒಂದು ಪೊಟ್ಟಣ ಲ್ಯಾಬಿನ ಮೇಜಿನ ಮೇಲೆ ಸಿಕ್ಕಿತು, ಇನ್ನೊಂದು ಯಾರದೋ ಬುತ್ತಿಚೀಲದಲ್ಲಿ ಸಾಂಬಾರಿನಲ್ಲಿ ನೆನೆದು ವಾಪಸು ಬಂತು. ಒಬ್ಬನಿಗೆ ಯಕ್ಷಗಾನದ ಹುಚ್ಚು ಹಿಡಿಯಿತು, ಒಬ್ಬಳಿಗೆ ಮದುವೆಯಾಯಿತು. ನಾನು ವಾರವಿಡೀ ಕಾರಿಡಾರಿನಲ್ಲಿ ಅಡ್ಡ ನಿಂತು, "ಕೊಟ್ಟೆಯಾ? ತಿಂದರಾ? ನೀನು ಕಣ್ಣಾರೆ ನೋಡಿದೆಯಾ?" ಎಂದು ಕೇಳುವುದೇ ಆಯಿತು. ನನ್ನನ್ನು ದೂರದಿಂದ ಕಂಡರೆ ಮಕ್ಕಳು ಬೇರೆ ಮೆಟ್ಟಿಲು ಹಿಡಿಯುತ್ತಿದ್ದರು. ಮನೆಗಳು ಒಂದೊಂದಾಗಿ ಬಿಟ್ಟುಹೋದವು. ಕಡಬದ ಕಡೆ ಕೊನೆಗೆ ಉಳಿದದ್ದು ಒಂದು ಮನೆ, ಒಬ್ಬ ಹುಡುಗ.

ಆ ಮನೆಯಲ್ಲಿ ತಾಯಿ, ಮಗಳು ಇಬ್ಬರೇ. ಬೀಡಿ ಕಟ್ಟಿ ಬದುಕುವವರು. ಮಗಳಿಗೆ ಇಪ್ಪತ್ತರ ಆಸುಪಾಸು, ಅವಳಿಗೇ ಕಾಯಿಲೆ. ತಾಯಿ ಆಸ್ಪತ್ರೆಯಲ್ಲೇ ಕಣ್ಣೀರು ಹಾಕಿ ಒಂದು ಮಾತು ತೆಗೆದುಕೊಂಡಿದ್ದಳು: ಇದು ಊರಿನಲ್ಲಿ ಯಾರಿಗೂ ಗೊತ್ತಾಗಬಾರದು. ಗೊತ್ತಾದರೆ ಅವರು ಕಟ್ಟಿದ ಬೀಡಿಯನ್ನು ಯಾರೂ ತೆಗೆದುಕೊಳ್ಳುವುದಿಲ್ಲ, ಬಾವಿಕಟ್ಟೆಗೆ ಯಾರೂ ಸೇರಿಸುವುದಿಲ್ಲ, ಮಗಳಿಗೆ ಮದುವೆಯಂತೂ ಇಲ್ಲ. ವೈದ್ಯರು ಒಪ್ಪಿದ್ದರು, ನಾನೂ ಒಪ್ಪಿದ್ದೆ.

ಹುಡುಗ ಬಿ.ಕಾಂ. ಓದುತ್ತಿದ್ದ. ಅವನ ಅಜ್ಜ ಕೇರಳದಿಂದ ಬಂದು ಕಾಡು ಕಡಿದು ಜಾಗ ಮಾಡಿದವರು. ಈಗ ಅಪ್ಪನ ರಬ್ಬರ್ ತೋಟ. ಹಿಂದಿನ ಬೆಂಚಿನಲ್ಲಿ ಕುಳಿತು ನನ್ನ ಅರ್ಥಶಾಸ್ತ್ರದ ಪಾಠಕ್ಕೆ ಹಾಯಾಗಿ ನಿದ್ದೆ ಮಾಡುವವನು. ಸಂಘದ ಒಂದು ಸಭೆಗೂ ಬಂದವನಲ್ಲ, ಗೋಳಿಬಜೆಗೂ ಬಂದವನಲ್ಲ. ಆ ಮನೆಯ ದಾರಿ ಅವನು ಇಳಿಯುವ ಜಾಗಕ್ಕಿಂತ ಒಂದು ಸ್ಟಾಪ್ ಹಿಂದೆ ಎಂಬ ಒಂದೇ ಕಾರಣಕ್ಕೆ ಅವನನ್ನು ಹಿಡಿದೆ.

"ಪುರುಸೊತ್ತಿಲ್ಲ ಮೇಡಂ. ಶನಿವಾರ ಹೋದ ಕೂಡಲೇ ರಬ್ಬರ್ ಶೀಟು ಒಣಗಿಸ್ಲಿಕ್ಕೆ ಉಂಟು."

"ನಿನಗೆ ಉಸಿರು ತೆಗೀಲಿಕ್ಕೆ ಪುರುಸೊತ್ತು ಉಂಟಾ?" ಎಂದು ಸಿಡುಕಿದೆ.

ಅವನು ನಕ್ಕು ಪೊಟ್ಟಣ ತೆಗೆದುಕೊಂಡ. ಆಮೇಲೆ ಒಂದು ಶನಿವಾರವೂ ಅವನನ್ನು ಹುಡುಕಬೇಕಾಗಲಿಲ್ಲ. ನನ್ನ ಕೋಣೆಯ ಬಾಗಿಲಿಗೆ ಅವನೇ ಬಂದು ನಿಲ್ಲುತ್ತಿದ್ದ. ಬೇಸಿಗೆ ರಜೆಯಲ್ಲಿ ಏನು ಗತಿ ಎಂದು ನಾನು ಕಂಗಾಲಾಗಿದ್ದರೆ, ಪುತ್ತೂರಿಗೆ ಶೀಟು ಮಾರಲು ಹೋಗುವ ಕೆಲಸವನ್ನು ಅಪ್ಪನಿಂದ ಕೇಳಿ ತೆಗೆದುಕೊಂಡು ವಾರವಾರ ಬಂದು ಒಯ್ದ. ಹತ್ತು ವರ್ಷದಲ್ಲಿ ನನಗೆ ಸಿಕ್ಕಿದ ಒಂದೇ ಒಂದು ನೆಮ್ಮದಿ ಆ ಹುಡುಗ. ಯಾಕೆ ಹೀಗೆ ಎಂದು ಯೋಚಿಸುವಷ್ಟು ತ್ರಾಣ ನನ್ನಲ್ಲಿರಲಿಲ್ಲ. ಒಂದು ಕಡೆಯ ಚಿಂತೆ ತಪ್ಪಿತಲ್ಲ, ಸಾಕು ಎಂದುಕೊಂಡೆ.

ಎಡವಟ್ಟಾದದ್ದು ಬಸ್ಸಿಳಿಯುವಲ್ಲಿದ್ದ ಅಂಗಡಿಯಲ್ಲಿ. ನಮ್ಮ ಕಡೆ ಒಬ್ಬ ಮನುಷ್ಯ ತನ್ನದಲ್ಲದ ಸ್ಟಾಪಿನಲ್ಲಿ ಇಳಿದರೆ ಅದು ಎಲ್ಲರಿಗೂ ಸೇರಿದ ವಿಷಯ. "ಎಂತ ಮಾರಾಯ, ವಾರವಾರ ಈ ಕಡೆ ಸವಾರಿ?" ಎಂದು ಕೇಳಿದವರಿಗೆ ಅವನು, ನೋಟ್ಸ್ ಕೊಡಲಿಕ್ಕೆ ಉಂಟು ಎಂದನಂತೆ. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಹೇಳುವ ಸುಳ್ಳು ಹೀಗೇ. ಆ ದಾರಿಯ ಕೊನೆಗಿದ್ದದ್ದು ಆ ಒಂದು ಮನೆ, ಆ ಮನೆಯಲ್ಲಿ ಕಾಲೇಜಿಗೆ ಹೋಗುವವರೇ ಇಲ್ಲ. ಇದ್ದದ್ದು ಪ್ರಾಯಕ್ಕೆ ಬಂದ ಒಬ್ಬ ಹುಡುಗಿ. ಊರಿನವರಿಗೆ ಲೆಕ್ಕ ಹಾಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಅವನ ಅಪ್ಪ ಕಾಲೇಜಿಗೇ ಬಂದರು. ಬಿಳಿ ಮುಂಡು, ಅಂಗೈಯಲ್ಲಿ ರಬ್ಬರ್ ಹಾಲಿನ ಕಪ್ಪು ಕಲೆ, ಕನ್ನಡದಲ್ಲಿ ಮಲಯಾಳದ ರಾಗ. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಟೀಚರೇ, ನಾನು ಮಗನನ್ನು ಓದ್ಲಿಕ್ಕೆ ಕಳಿಸಿದ್ದು. ಕೇಳಿದರೆ ಮೇಡಂ ಕಳಿಸಿದ್ದು ಅಂತಾನೆ. ಒಂದು ಹುಡುಗಿ ಇರುವ ಮನೆಗೆ ವಾರವಾರ ಕಳಿಸ್ಲಿಕ್ಕೆ ನಿಮಗೆ ಅಲ್ಲಿ ಎಂತ ಕೆಲಸ?"

"ನಾನೇ ಕಳಿಸಿದ್ದು ಹೌದು. ಕೆಲಸ ಎಂತ ಅಂತ ಹೇಳ್ಲಿಕ್ಕೆ ಆಗುದಿಲ್ಲ."

"ಹಾಗಾದರೆ ಇನ್ನು ಅವನು ಹೋಗುದಿಲ್ಲ" ಎಂದು ಅವರು ಹೊರಟೇಬಿಟ್ಟರು.

ಆಗಿನ್ನೂ ಮಾತ್ರೆ ಶುರುವಾಗಿ ಒಂದು ವರ್ಷವೂ ಆಗಿರಲಿಲ್ಲ. ಮುಂದಿನ ಶನಿವಾರಕ್ಕೆ ಬೇರೆ ಯಾರಾದರೂ ಸಿಕ್ಕುತ್ತಾರೋ ಎಂದು ಕಡಬದ ಬಸ್ಸಿನ ಒಬ್ಬೊಬ್ಬರನ್ನೇ ಕೇಳಿದೆ. ಪುರುಸೊತ್ತಿಲ್ಲ ಮೇಡಂ. ಪರೀಕ್ಷೆ ಉಂಟು ಮೇಡಂ. ಅಡಿಕೆ ಕೊಯ್ಲು ಮೇಡಂ. ಅಕ್ಕನ ಬಾಣಂತನ ಮೇಡಂ. ನನಗೆ ಅಳುವೇ ಬಂತು. ಶನಿವಾರ ನಾನೇ ಪೊಟ್ಟಣ ಹಿಡಿದುಕೊಂಡು ಆ ಬಸ್ಸು ಹತ್ತಿದೆ.

ಬಸ್ಸಿಳಿದು, ಅಂಗಡಿಯವರ ಕಣ್ಣು ತಪ್ಪಿಸಿ, ಏರು ದಾರಿ ನಡೆದು ಆ ಮನೆ ಮುಟ್ಟುವಾಗ ನನ್ನ ಕಾಲು ಬಿದ್ದುಹೋಗಿತ್ತು. ಜಗಲಿಯಲ್ಲಿ ತಾಯಿ ಬೀಡಿ ಎಲೆ ಕತ್ತರಿಸುತ್ತಿದ್ದಳು. ಬೆಲ್ಲ, ನೀರು ತಂದಿಟ್ಟಳು. ಮಗಳು ಬಾಗಿಲ ಸಂದಿಯಲ್ಲಿ ನಿಂತು ನನ್ನ ಹಿಂದೆ ದಾರಿಯ ಕಡೆ ನೋಡಿದಳು. ಕೃಶವಾಗಿದ್ದರೂ ಮುಖದಲ್ಲಿ ರಕ್ತ ತುಂಬುತ್ತಾ ಬಂದಿತ್ತು. ನಾವು ಮಾತಾಡಿದ್ದು ತುಳುವಿನಲ್ಲಿ. ಊರಿನಲ್ಲಿ ಎದ್ದ ಮಾತನ್ನು ತಾಯಿಗೆ ಹೇಗೆ ಹೇಳುವುದೆಂದು ನಾನು ದಾರಿಯುದ್ದಕ್ಕೂ ಯೋಚಿಸಿದ್ದೆ. ಅವಳಿಗೆ ಎಲ್ಲವೂ ಗೊತ್ತಿತ್ತು.

"ಹೇಳಿಕೊಳ್ಳಲಿ ಬಿಡಿ ಅಮ್ಮ" ಎಂದಳು. "ನಾನೂ ಅಲ್ಲ ಅಂತ ಹೇಳುದಿಲ್ಲ. ಆ ಮಾತನ್ನು ಊರು ನಾಳೆ ಮರೀತದೆ. ಈ ಕಾಯಿಲೆಯ ಮಾತು ಬಂದರೆ ಎಂದಿಗೂ ಮರೆಯುದಿಲ್ಲ."

"ಹುಡುಗಿಯ ಹೆಸರು ಹಾಳಾಗುದಿಲ್ವಾ?"

"ಜೀವ ಉಳಿದರೆ ಅಲ್ವಾ ಅಮ್ಮ ಹೆಸರು?" ಎಲೆ ಕತ್ತರಿಸುವ ಕೈ ನಿಲ್ಲಿಸಿ ಅವಳು ನನ್ನನ್ನು ನೋಡಿದಳು. "ಆ ಹುಡುಗನ ಅಪ್ಪನಿಗೆ ಒಬ್ಬರಿಗೆ ನಿಜ ಹೇಳಿ. ಅವರೂ ಒಂದು ಮಗಳಿರುವವರು. ಬೇರೆ ಯಾರಿಗೂ ಬೇಡ."

ನಾನು ಆರ್ಥಿಕ ಬೆಳವಣಿಗೆಯ ಬಗ್ಗೆ ಪಾಠ ಮಾಡುವವಳು, ನನಗೆ ಇಂಥ ಲೆಕ್ಕ ಹೊಳೆದಿರಲಿಲ್ಲ. ಹೊಳೆದಿದ್ದರೂ ಹೇಳುವ ಧೈರ್ಯ ಇರುತ್ತಿರಲಿಲ್ಲ. ಅಲ್ಲಿಂದಲೇ ಅವನ ಅಪ್ಪನ ತೋಟಕ್ಕೆ ಹೋದೆ. ಅವರು ಶೀಟು ಒತ್ತುವ ಮಿಷನ್ನಿನ ಹತ್ತಿರ ನಿಂತಿದ್ದರು. ಹೇಳಿದೆ. ಅವರು ಮಿಷನ್ನಿನ ಹಿಡಿ ತಿರುಗಿಸಿ ಅರ್ಧಕ್ಕೆ ನಿಂತಿದ್ದ ಶೀಟನ್ನು ಒತ್ತಿ ಮುಗಿಸಿದರು.

"ನಾವು ಇಲ್ಲಿಗೆ ಬಂದ ಹೊಸತರಲ್ಲಿ ಜ್ವರದಲ್ಲಿ ನನ್ನ ತಮ್ಮ ಹೋದ ಟೀಚರೇ. ಮದ್ದು ತರುವವರು ಇರ್ಲಿಲ್ಲ" ಎಂದರು. ಆಮೇಲೆ, "ಅವನು ಹೋಗ್ಲಿ. ಊರಿನ ಬಾಯಿಗೆ ನಾನು ಉಂಟು."

ಊರಿನ ಬಾಯಿಗೆ ಅವರು ಮಾಡಿದ ಮದ್ದು ನೆನೆದರೆ ಇಂದಿಗೂ ನಗು ಬರುತ್ತದೆ. ಆಗಾಗ ಅಂಗಡಿಯೆದುರು ನಿಂತು ಎಲ್ಲರಿಗೂ ಕೇಳುವ ಹಾಗೆ ಮಗನಿಗೆ ಬೈಯುವುದು: "ಆ ಕಡೆ ಕಾಲಿಟ್ಟರೆ ಕಾಲು ಮುರೀತೇನೆ!" ಅಂಗಡಿಯಲ್ಲಿದ್ದವರು ಪಾಪ ಅಪ್ಪ ಎಂದು ತಲೆಯಾಡಿಸುವರು, ಸಂಶಯ ಇನ್ನಷ್ಟು ಗಟ್ಟಿಯಾಗುವುದು. ಅದೇ ಶನಿವಾರ ಅಪ್ಪನೇ ಮಗನ ಚೀಲದೊಳಗೆ ಬೈಹುಲ್ಲಿನಲ್ಲಿ ಸುತ್ತಿದ ಊರುಕೋಳಿ ಮೊಟ್ಟೆ ಇಟ್ಟಿರುತ್ತಿದ್ದರು, ಹುಡುಗಿಗೆ ಪುಷ್ಟಿಗೆಂದು. ಹುಡುಗ ಎಲ್ಲರ ಕಣ್ಣೆದುರೇ ತಲೆ ತಗ್ಗಿಸಿಕೊಂಡು ಆ ಏರು ದಾರಿ ಹತ್ತುತ್ತಿದ್ದ. ಕಾಲೇಜಿನಲ್ಲಿ ಅವನ ಕ್ಲಾಸಿನವರು ಬೋರ್ಡಿನ ಮೇಲೆ ಏನೇನೋ ಬರೆದು ಗೇಲಿ ಮಾಡಿದರು. ನಾನು ಅಳಿಸಿ ಪಾಠ ಮಾಡಿದೆ.

"ನಿನಗೆ ಕಷ್ಟ ಆಗುದಿಲ್ವಾ?" ಎಂದು ಒಮ್ಮೆ ಕೇಳಿದೆ.

"ಅವರು ಹಾಗೆ ಹೇಳಿದರೇ ಒಳ್ಳೆದು ಅಲ್ವಾ ಮೇಡಂ. ಕಾಯಿಲೆ ಅಂತ ಯಾರಿಗೂ ತಲೆಗೆ ಹೋಗುದಿಲ್ಲ" ಎಂದ. ಎಂಥ ತ್ಯಾಗ ಎಂದು ನಾನು ಬೆರಗಾದೆ. ಅವನು ಹಾಗೆ ಹೇಳುವಾಗ ಕಿವಿ ಕೆಂಪಾಗಿತ್ತು. ಬಿಸಿಲಿನಲ್ಲಿ ದಿಬ್ಬ ಹತ್ತಿ ಬಂದದ್ದಕ್ಕೆ ಎಂದುಕೊಂಡೆ.

ಅವನು ಕೊನೆಯ ವರ್ಷದಲ್ಲಿದ್ದಾಗ ಮಾತ್ರೆ ಮುಗಿಯಿತು. ಆ ತಾಯಿ ಮಗಳನ್ನು ಕರೆದುಕೊಂಡು ಪುತ್ತೂರಿಗೆ ಬಂದು ಎಕ್ಸ್‌ರೇ ತೆಗೆಸಿದಳು. ವೈದ್ಯರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, "ಚೊಕ್ಕ ಆಗಿದೆ" ಎಂದರು. ನಾನೂ ಅಲ್ಲಿದ್ದೆ. ನನಗೆ ಹೊಗಳಿಕೆ ಬೇಡವಾಗಿತ್ತು, ಒಂದು ಮೂಲೆಯಲ್ಲಿ ಕುಳಿತು ಕಣ್ಣು ಮುಚ್ಚಿಕೊಂಡರೆ ಸಾಕಾಗಿತ್ತು. ಹತ್ತಾರು ಮನೆಗಳನ್ನು ಹಿಡಿದು ಹೊರಟು, ಆ ದಾರಿಯಲ್ಲಿ ಒಂದನ್ನಾದರೂ ದಡ ಮುಟ್ಟಿಸಿದೆವು. ಕೆಲವು ದಿನ ಕಳೆದು ತಾಯಿ ಮತ್ತೆ ಬಂದಳು, ಈ ಸಲ ಹೊಸ ಸೀರೆ. ಸುಳ್ಯದ ಆಚೆ ಆಲೆಟ್ಟಿಯಿಂದ ಸಂಬಂಧ ಬಂದಿತ್ತು. ದೂರದ ಊರು, ಇಲ್ಲಿಯ ಮಾತು ಅಲ್ಲಿಗೆ ಮುಟ್ಟಿರಲಿಲ್ಲ. ಕಾಯಿಲೆಯ ವಿಷಯ ಆಲೆಟ್ಟಿಯ ಹುಡುಗನಿಗೆ ಹೇಳಿದ್ದೀಯಾ ಎಂದೆ. ವೈದ್ಯರೇ ಕೂರಿಸಿ ಹೇಳಿದ್ದಾರೆ, ಗುಣವಾದ ಮೇಲೆ ಎಂತ ಅಂತ ಅವನೇ ಹೇಳಿದ ಎಂದಳು. "ನಾನು ಹೇಳಿದ್ದಲ್ವಾ ಅಮ್ಮ, ಊರು ಮರೀತದೆ ಅಂತ" ಎಂದು ನಕ್ಕಳು. ನಾನೂ ನಕ್ಕೆ.

ಓದುವ ರಜೆ ಶುರುವಾಗುವ ಮುಂಚಿನ ಸಂಜೆ ಆ ಹುಡುಗ ನನ್ನ ಕೋಣೆಗೆ ಬಂದ. ನಾನು ಚೀಲ ತುಂಬಿಸಿಕೊಂಡು ಹೊರಡುವುದರಲ್ಲಿದ್ದೆ. ಕೂರು ಎಂದೆ. ಅವನು ನನ್ನೆದುರಿನ ಸ್ಟೂಲಿನ ಮೇಲೆ ಕುಳಿತ. ಒಂದೂವರೆ ವರ್ಷದಲ್ಲಿ ಅವನು ಆ ಕೋಣೆಯಲ್ಲಿ ಕುಳಿತದ್ದು ಅದೇ ಮೊದಲು.

"ಇನ್ನು ಹೋಗ್ಲಿಕ್ಕಿಲ್ಲ ಅಲ್ವಾ ಮೇಡಂ?"

"ಇಲ್ಲ ಮಾರಾಯ, ಮುಗೀತು. ನಿನ್ನಿಂದ ಒಂದು ಜೀವ ಉಳೀತು. ಇನ್ನು ನೀನು ನಿನ್ನ ಪರೀಕ್ಷೆ ನೋಡಿಕೋ."

ಅವನು ತಲೆಯಾಡಿಸಿದ. ಎದ್ದು ಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ. ಪೊಟ್ಟಣಗಳನ್ನು ಇಡುತ್ತಿದ್ದ ನನ್ನ ಮೇಜಿನ ಮೂಲೆಯನ್ನೇ ನೋಡುತ್ತಿದ್ದ.

"ಆಲೆಟ್ಟಿಯವರು ಒಳ್ಳೆಯವರಂತೆ" ಎಂದ.

"ಹೌದಂತೆ."

"ಕಳೆದ ಶನಿವಾರ ಮೊಟ್ಟೆ ಮಾತ್ರ ಕೊಟ್ಟು ಬಂದೆ. ಇನ್ನು ಮೊಟ್ಟೆಯೂ ಬೇಡ ಅಂತ ಅವರಮ್ಮ ಹೇಳಿದರು." ತಲೆಯೆತ್ತಿದ. "ಮೇಡಂ, ಇನ್ನು ಶನಿವಾರ ನಾನು ಎಂತ ಮಾಡುದು?"

ಆಗ ನನಗೆ ಎಲ್ಲ ಅರ್ಥವಾಯಿತು. ಊರಿನವರು ಮೊದಲ ದಿನವೇ ಕಂಡದ್ದನ್ನು ನಾನು ಒಂದೂವರೆ ವರ್ಷ ಕಂಡಿರಲಿಲ್ಲ. ಪುರುಸೊತ್ತಿಲ್ಲ ಎನ್ನುವವರಿಗೆ ಕೊಡಲು ನನ್ನಲ್ಲಿ ನೂರು ಉತ್ತರಗಳಿದ್ದವು. ಇವನು ಕೇಳುತ್ತಿದ್ದದ್ದು ಪುರುಸೊತ್ತನ್ನು ಏನು ಮಾಡುವುದೆಂದು. ಬೇರೆ ಮನೆ ಇದೆ, ಬೇರೆ ರೋಗಿ ಇದ್ದಾರೆ ಎನ್ನಬಹುದಿತ್ತು. ಅದರ ಬದಲು ಹೊರಡಲೆಂದು ತುಂಬಿಸಿದ್ದ ಚೀಲವನ್ನು ಮೇಜಿನ ಕೆಳಗಿಟ್ಟೆ.

ಕೆಳಗೆ ಕಡಬದ ಬಸ್ಸು ಉದ್ದಕ್ಕೆ ಹಾರ್ನ್ ಹಾಕಿತು. ಕಾರಿಡಾರಿನಲ್ಲಿ ಮಕ್ಕಳು ದಡದಡನೆ ಓಡಿದರು. ನಾನು ಅವನನ್ನು ನೋಡಿದೆ. ಅವನು ಏಳಲಿಲ್ಲ.